ಫೈನಲ್ ಇಯರ್‌ನಲ್ಲಿ ಸ್ಕಾಲರ್‌ಶಿಪ್ ಕೈತಪ್ಪದಿರಲು

ಪದವಿಗೆ ಸೇರಿದ ವರ್ಷ ಸ್ಕಾಲರ್‌ಶಿಪ್ ಅರ್ಜಿ ಎಂದರೆ ಇಡೀ ಮನೆಯೇ ಓಡಾಡುತ್ತದೆ. ಅಪ್ಪ ನಾಡಕಚೇರಿಯಲ್ಲಿ ಆದಾಯ ಪತ್ರಕ್ಕೆ ನಿಲ್ಲುತ್ತಾರೆ, ಅಣ್ಣ ಸೈಬರ್ ಸೆಂಟರ್‌ನಲ್ಲಿ ಕೂರುತ್ತಾನೆ, ಅಮ್ಮ ಬ್ಯಾಂಕ್ ಪಾಸ್‌ಬುಕ್ ಹುಡುಕಿ ಕೊಡುತ್ತಾರೆ. ಎರಡನೇ ವರ್ಷ ಹೇಗೋ ಸಾಗುತ್ತದೆ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ‘ಅದು ತಾನಾಗಿಯೇ ಬರುತ್ತದೆ’ ಎಂಬ ನಂಬಿಕೆ ಗಟ್ಟಿಯಾಗಿರುತ್ತದೆ. ಆದರೆ ವಿದ್ಯಾರ್ಥಿಯ ದಿನಚರಿ ಹೆಚ್ಚು ಕದಲುವುದು ಆ ವರ್ಷವೇ. ಐದನೇ ಸೆಮಿಸ್ಟರ್‌ಗೆ ವಿಷಯ ಆಯ್ಕೆ ಬರುತ್ತದೆ. ಯಾರೋ ಹಾಸ್ಟೆಲ್ ಬಿಡುತ್ತಾರೆ, ಯಾರೋ ಟಿಸಿ ತೆಗೆದುಕೊಂಡು ಶಿವಮೊಗ್ಗಕ್ಕೆ ಹೋಗುತ್ತಾರೆ. ಇನ್ನೊಬ್ಬರು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಕ್ಲಾಸಿಗೆ ಬರುವುದನ್ನು ನಿಲ್ಲಿಸುತ್ತಾರೆ. ಹುಡುಗಿಯರಲ್ಲಿ ಕೆಲವರಿಗೆ ಮದುವೆ ನಿಶ್ಚಯವಾಗುತ್ತದೆ. ಇವುಗಳಲ್ಲಿ ಯಾವುದು ಸ್ಕಾಲರ್‌ಶಿಪ್‌ಗೆ ಕುತ್ತು ತರುತ್ತದೆ, ಯಾವುದು ತರುವುದಿಲ್ಲ ಎಂಬುದನ್ನು ಕಡೂರು, ತರೀಕೆರೆ, ಅಜ್ಜಂಪುರದ ಪದವಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಅಂಕದ ಬಲದ ಮೇಲೆ ಸಿಗುವ ಸ್ಕಾಲರ್‌ಶಿಪ್‌ಗಳಲ್ಲಿ ಮುಖ್ಯವಾದದ್ದು ಕೇಂದ್ರ ಶಿಕ್ಷಣ ಸಚಿವಾಲಯದ್ದು. ಹಿಂದೆ ಇದನ್ನು ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎನ್ನುತ್ತಿದ್ದರು, ಈಗ ಪಿಎಂ-ಯುಎಸ್‌ಪಿ ಎಂಬ ಹೆಸರಿನಲ್ಲಿದೆ. ದ್ವಿತೀಯ ಪಿಯುಸಿಯಲ್ಲಿ ತಮ್ಮ ವಿಭಾಗದ ನೂರರಲ್ಲಿ ಎಂಬತ್ತು ಜನರಿಗಿಂತ ಮುಂದಿದ್ದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರು ಇದಕ್ಕೆ ಅರ್ಹರು. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್, ಅದರಲ್ಲಿ ಅರ್ಧ ಹುಡುಗಿಯರಿಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಅನುಪಾತದಲ್ಲಿ ಹಂಚಿಕೆ. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000. ಲೆಕ್ಕ ಹಾಕಿದರೆ ಪದವಿಗೆ 36,000, ಎರಡು ವರ್ಷದ ಸ್ನಾತಕೋತ್ತರಕ್ಕೆ 40,000. ಹೆಚ್ಚಿನ ಪಾಲು ಇನ್ನೂ ಮುಂದಿರುವಾಗ ಮೂರನೇ ವರ್ಷದಲ್ಲಿ ಸರಪಳಿ ಕಡಿದರೆ ನಷ್ಟ ಆ ವರ್ಷದ 12,000ಕ್ಕೆ ಮುಗಿಯುವುದಿಲ್ಲ.

ಪ್ರತಿ ವರ್ಷ ಇದನ್ನು ನವೀಕರಿಸಲು ಎರಡು ಷರತ್ತುಗಳಿವೆ: ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ. ಶೇ. 50 ಎಂದರೆ ಪಾಸಾದರೆ ಸಾಕು ಎಂದಲ್ಲ. ಎಲ್ಲ ವಿಷಯಗಳಲ್ಲೂ ಗಡಿ ದಾಟಿ ಪಾಸಾದವರ ಒಟ್ಟು ಅಂಕವೂ ಐವತ್ತಕ್ಕಿಂತ ಕೆಳಗಿರಬಹುದು. ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ವರ್ಷಕ್ಕೆ ಎರಡು ಫಲಿತಾಂಶ. ಮೂರನೇ ಸೆಮಿಸ್ಟರ್‌ನಲ್ಲಿ 62, ನಾಲ್ಕರಲ್ಲಿ ಒಂದು ಪೇಪರ್ ಹೋಯಿತು ಎನ್ನುವವರು ಮರುಮೌಲ್ಯಮಾಪನಕ್ಕೋ ಮರುಪರೀಕ್ಷೆಗೋ ಹಾಕಿ ಸುಮ್ಮನಾಗದೆ, ನವೀಕರಣ ಅರ್ಜಿಯಲ್ಲಿ ಯಾವ ಅಂಕ ತುಂಬಬೇಕೆಂದು ಕಾಲೇಜಿನ ನೋಡಲ್ ಅಧಿಕಾರಿಯನ್ನು ಕೇಳಿಕೊಳ್ಳಬೇಕು. ಅಂದಾಜಿನ ಶೇಕಡಾವಾರು ತುಂಬಿ, ಆಮೇಲೆ ಅಂಕಪಟ್ಟಿಯಲ್ಲಿ ಬೇರೆ ಬಂದರೆ ಅರ್ಜಿ ದೋಷಪೂರಿತ ಎಂದು ವಾಪಸಾಗುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಫಲಿತಾಂಶ ಯುಯುಸಿಎಂಎಸ್ ಜಾಲತಾಣದಲ್ಲಿ ಬಂದ ದಿನವೇ ಆ ಪುಟವನ್ನು ಪ್ರಿಂಟ್ ತೆಗೆದಿಡಿ. ಮೂಲ ಅಂಕಪಟ್ಟಿಗೆ ಕಾಯುತ್ತ ಕೂತರೆ ಅರ್ಜಿಯ ಗಡುವು ಮುಗಿದಿರುತ್ತದೆ.

ಹಾಜರಾತಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ನಮ್ಮ ಕಡೆ ಹೆಚ್ಚು ಮಕ್ಕಳು ಎಡವುವುದು ಅಲ್ಲೇ. ವಾರಕ್ಕೆ ನಾಲ್ಕು ಗಂಟೆಯ ಒಂದು ವಿಷಯ, ಹದಿನಾರು ವಾರದ ಸೆಮಿಸ್ಟರ್ ಎಂದಿಟ್ಟುಕೊಳ್ಳಿ. ಒಟ್ಟು 64 ತರಗತಿ. ಶೇ. 75 ಎಂದರೆ 48. ತಪ್ಪಿಸಿಕೊಳ್ಳಲು ಉಳಿಯುವುದು 16, ಅಂದರೆ ಸರಿಯಾಗಿ ನಾಲ್ಕು ವಾರ. ಕಡೂರು, ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ ಕೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ತರೀಕೆರೆ ಕಡೆ ಅಡಿಕೆ ಕೊಯ್ಲು ಅದರ ಬೆನ್ನಿಗೇ ಬರುತ್ತದೆ. ಐದನೇ ಸೆಮಿಸ್ಟರ್ ನಡೆಯುವುದೂ ಆ ತಿಂಗಳುಗಳಲ್ಲೇ. ಈರುಳ್ಳಿಗೆ ಎರಡು ವಾರ, ಹಬ್ಬ ಮತ್ತು ಊರಿನ ಕೆಲಸಕ್ಕೆ ಒಂದು ವಾರ, ಜ್ವರಕ್ಕೆ ನಾಲ್ಕು ದಿನ ಎಂದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಜರಾತಿಯನ್ನು ವಿಷಯವಾರು ನೋಡುತ್ತಾರೆ ಎನ್ನುವುದು ನೆನಪಿರಲಿ. ಬೆಳಗಿನ ಮೊದಲ ಗಂಟೆಯ ವಿಷಯದಲ್ಲಿ ಬಸ್ಸು, ರೈಲು ತಡವಾದ ಒಂದೊಂದು ದಿನವೂ ಗೈರು. ಹಳ್ಳಿಯಿಂದ ಬೀರೂರಿಗೋ ಕಡೂರಿಗೋ ಬಂದು ಹೋಗುವವರು ಮೊದಲ ತಿಂಗಳಲ್ಲೇ ಆ ಒಂದು ವಿಷಯದ ಲೆಕ್ಕವನ್ನು ಬೇರೆಯಾಗಿ ಬರೆದಿಟ್ಟುಕೊಂಡರೆ ಕೊನೆಯಲ್ಲಿ ಉಪನ್ಯಾಸಕರ ಮುಂದೆ ನಿಂತು ಬೇಡುವುದು ತಪ್ಪುತ್ತದೆ. ಕಾಯಿಲೆ ಬಿದ್ದರೆ ವೈದ್ಯರ ಪ್ರಮಾಣಪತ್ರವನ್ನು ಕ್ಲಾಸಿಗೆ ಮರಳಿದ ದಿನವೇ ಕೊಡಿ. ಸೆಮಿಸ್ಟರ್ ಮುಗಿಯುವಾಗ ಒಟ್ಟಿಗೆ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ.

ಈಗ ವಿಷಯ ಬದಲಾವಣೆಗೆ ಬರೋಣ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಬಂತು, ನಾಲ್ಕನೇ ವರ್ಷದ ಆನರ್ಸ್ ಆಯ್ಕೆಯೂ ಜೊತೆಗೆ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. 2024-25ರಲ್ಲಿ ಸೇರಿದವರಿಗೆ ಹೊಸ ಪಠ್ಯಕ್ರಮ, ಅದಕ್ಕೆ ಮೊದಲು ಸೇರಿದವರಿಗೆ ಹಳೆಯದೇ. ಹಾಗಾಗಿ ಒಂದೇ ಕಾಲೇಜಿನಲ್ಲಿ ಸೀನಿಯರ್ ಕೊಟ್ಟ ಸಲಹೆ ಜೂನಿಯರ್‌ಗೆ ಹೊಂದದಿರಬಹುದು. ಹಳೆಯ ಬ್ಯಾಚಿನವರು ಎರಡು ವಿಷಯ ಓದಿಕೊಂಡು ಬಂದು ಮೂರನೇ ವರ್ಷಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಂಡರು. 2024ರಲ್ಲಿ ಸೇರಿದವರು 2026-27ರಲ್ಲಿ ಅಂತಿಮ ವರ್ಷಕ್ಕೆ ಬಂದಾಗ ಆ ಮೇಜರ್-ಮೈನರ್ ಆಯ್ಕೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಅವರ ಪಠ್ಯಕ್ರಮವೇ ಬೇರೆ.

ಬಿಎ ಒಳಗೆ ಇತಿಹಾಸ ಬಿಟ್ಟು ಅರ್ಥಶಾಸ್ತ್ರ ಮೇಜರ್ ತೆಗೆದುಕೊಂಡದ್ದಕ್ಕೆ ಸ್ಕಾಲರ್‌ಶಿಪ್ ನಿಲ್ಲುವುದಿಲ್ಲ. ಅರ್ಜಿಯಲ್ಲಿ ಇರುವುದು ನೀವು ಬಿಎ, ಮೂರನೇ ವರ್ಷ, ಇಂಥ ಕಾಲೇಜು ಎಂಬ ವಿವರ. ಆ ಮೂರೂ ಹಾಗೇ ಇದ್ದರೆ ಒಳಗಿನ ವಿಷಯಗಳ ಆಯ್ಕೆ ದೊಡ್ಡ ಸಂಗತಿಯಲ್ಲ. ತೊಂದರೆ ಬರುವುದು ತಡವಾಗಿ ಬದಲಾಯಿಸಿದಾಗ. ಸೆಮಿಸ್ಟರ್ ಶುರುವಾಗಿ ತಿಂಗಳಾದ ಮೇಲೆ ಗೆಳೆಯರು ಹೋದರೆಂದು ವಿಷಯ ಬದಲಾಯಿಸಿದರೆ ಹೊಸ ವಿಷಯದ ಹಾಜರಾತಿ ಪುಸ್ತಕದಲ್ಲಿ ಆ ತಿಂಗಳು ಖಾಲಿ. ಮೊದಲ ಆಂತರಿಕ ಪರೀಕ್ಷೆಯೂ ತಪ್ಪಿರುತ್ತದೆ. ಅಲ್ಲಿ ಕಳೆದುಕೊಂಡ ಅಂಕ ಒಟ್ಟು ಶೇಕಡಾವಾರನ್ನು ಐವತ್ತರ ಕೆಳಗೆ ಎಳೆಯಲು ಸಾಕು. ಬದಲಾಯಿಸಲೇಬೇಕೆಂದಿದ್ದರೆ ಮೊದಲ ವಾರದಲ್ಲೇ ಬದಲಾಯಿಸಿ, ಯುಯುಸಿಎಂಎಸ್‌ನಲ್ಲಿ ಹೊಸ ವಿಷಯವೇ ಕಾಣುತ್ತಿದೆಯೇ ನೋಡಿ. ರಿಜಿಸ್ಟರ್‌ನಲ್ಲಿ ಒಂದು, ಜಾಲತಾಣದಲ್ಲಿ ಇನ್ನೊಂದು ಇದ್ದರೆ ಹಾಲ್ ಟಿಕೆಟ್ ಬರುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಕೋರ್ಸನ್ನೇ ಬದಲಾಯಿಸುವುದು, ಕಾಲೇಜು ಬದಲಾಯಿಸುವುದು ಬೇರೆ ಮಾತು. ಕೇಂದ್ರದ ಸ್ಕಾಲರ್‌ಶಿಪ್ ಸಿಗುವುದು ರೆಗ್ಯುಲರ್ ಕೋರ್ಸಿಗೆ ಮಾತ್ರ. ಕೆಲಸ ಮಾಡುತ್ತ ಓದುತ್ತೇನೆಂದು ಮೂರನೇ ವರ್ಷವನ್ನು ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ವರ್ಗಾಯಿಸಿಕೊಂಡರೆ ಅದು ಅಲ್ಲಿಗೆ ಮುಗಿಯಿತು. ಒಂದು ರೆಗ್ಯುಲರ್ ಕಾಲೇಜಿನಿಂದ ಇನ್ನೊಂದು ರೆಗ್ಯುಲರ್ ಕಾಲೇಜಿಗೆ ಹೋಗುವವರು, ಉದಾಹರಣೆಗೆ ಅಜ್ಜಂಪುರದಿಂದ ಕಡೂರಿಗೋ ಚಿಕ್ಕಮಗಳೂರಿಗೋ ಹೋಗುವವರು, ಮೊದಲು ಹೊಸ ಕಾಲೇಜಿಗೆ ಎಐಎಸ್‌ಎಚ್‌ಇ ಕೋಡ್ (ಕಾಲೇಜಿನ ಗುರುತಿನ ಸಂಖ್ಯೆ) ಇದೆಯೇ, ಅಲ್ಲಿ ಸ್ಕಾಲರ್‌ಶಿಪ್ ನೋಡುವ ನೋಡಲ್ ಅಧಿಕಾರಿ ಯಾರು ಎಂದು ಕೇಳಿಕೊಳ್ಳಬೇಕು. ನವೀಕರಣ ಅರ್ಜಿ ಕಾಲೇಜಿನ ಲಾಗಿನ್‌ನಲ್ಲಿ ಪರಿಶೀಲನೆಗೆ ಹೋಗುತ್ತದೆ. ಹೋಗಬೇಕಾದದ್ದು ಈಗ ನೀವಿರುವ ಕಾಲೇಜಿಗೆ. ಹಳೆಯ ಕಾಲೇಜಿನ ಹೆಸರಿನಲ್ಲೇ ಅರ್ಜಿ ಉಳಿದುಬಿಟ್ಟರೆ ಅಲ್ಲಿಯವರು ‘ಈ ವಿದ್ಯಾರ್ಥಿ ನಮ್ಮಲ್ಲಿಲ್ಲ’ ಎಂದು ಬರೆದು ತಿರಸ್ಕರಿಸುತ್ತಾರೆ, ಅವರ ಮಟ್ಟಿಗೆ ಅದು ಸರಿಯೂ ಹೌದು. ಟಿಸಿಗೆ ಅರ್ಜಿ ಕೊಡುವ ದಿನವೇ ಹಳೆಯ ಕಾಲೇಜಿನಲ್ಲಿ ಇದನ್ನು ಮಾತಾಡಿ ಮುಗಿಸಿ. ಬೇಸಿಕ್ ಸೈನ್ಸ್‌ಗೆಂದೇ ಇರುವ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಪಡೆಯುತ್ತಿರುವ ಬಿಎಸ್‌ಸಿ ವಿದ್ಯಾರ್ಥಿಗಳು ಇನ್ನೂ ಎಚ್ಚರದಿಂದಿರಬೇಕು. ಮೂಲ ವಿಜ್ಞಾನದ ಓದು ಬಿಟ್ಟರೆ ಅದು ನಿಲ್ಲುತ್ತದೆ. ವರ್ಷದ 80,000ದಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ ಮೀಸಲು, ಪ್ರಾಜೆಕ್ಟ್ ವರದಿ ಇಲ್ಲದೆ ಅದು ಬರುವುದಿಲ್ಲ.

ಬದಲಾವಣೆ ಯಾವುದೇ ಇರಲಿ, ಬಾಯಿಮಾತಿನಲ್ಲಿ ಬಿಡಬೇಡಿ. ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಟ್ಟು, ಅದರ ನಕಲಿನ ಮೇಲೆ ಕಾಲೇಜಿನ ಸ್ವೀಕೃತಿ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಪತ್ರ ಹೀಗಿದ್ದರೆ ಸಾಕು:

“ಮಾನ್ಯರೇ, ನಾನು ತಮ್ಮ ಕಾಲೇಜಿನಲ್ಲಿ ಬಿಎ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ನನಗೆ ಮೊದಲ ವರ್ಷದಿಂದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಬರುತ್ತಿದೆ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನ ನನ್ನ ಒಟಿಆರ್ ಸಂಖ್ಯೆ ಮತ್ತು ಕಳೆದ ವರ್ಷದ ಅರ್ಜಿ ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ. ಈ ವರ್ಷ ನಾನು ಮೇಜರ್ ವಿಷಯವನ್ನು ಇತಿಹಾಸದಿಂದ ಅರ್ಥಶಾಸ್ತ್ರಕ್ಕೆ ಬದಲಾಯಿಸಿಕೊಳ್ಳಲು ಬಯಸಿದ್ದೇನೆ. ಇದರಿಂದ ನವೀಕರಣಕ್ಕೆ ಅಡ್ಡಿ ಇದೆಯೇ ಎಂದು ತಿಳಿಸಬೇಕಾಗಿಯೂ, ಇಲ್ಲವಾದರೆ ಕಾಲೇಜಿನ ದಾಖಲೆ ಮತ್ತು ಯುಯುಸಿಎಂಎಸ್‌ನಲ್ಲಿ ಬದಲಾವಣೆ ನಮೂದಿಸಬೇಕಾಗಿಯೂ ಕೋರುತ್ತೇನೆ.”

ಈ ಪತ್ರದಲ್ಲಿ ಮುಖ್ಯವಾದದ್ದು ‘ಬಯಸಿದ್ದೇನೆ’ ಎನ್ನುವ ಮಾತು. ಬದಲಾಯಿಸಿದ ಮೇಲೆ ಕೊಡುವ ಪತ್ರ ಬರೀ ತಿಳಿವಳಿಕೆ. ಬದಲಾಯಿಸುವ ಮೊದಲು ಕೊಟ್ಟರೆ ಉತ್ತರ ನೋಡಿಕೊಂಡು ಹೆಜ್ಜೆ ಇಡಬಹುದು.

ಎರಡು ದೋಣಿಯ ಮೇಲೆ ಕಾಲಿಡುವ ತೊಂದರೆಯೂ ಅಂತಿಮ ವರ್ಷದಲ್ಲೇ ಹೆಚ್ಚು. ಕೇಂದ್ರದ ಈ ಸ್ಕಾಲರ್‌ಶಿಪ್ ಪಡೆಯುವವರು ಬೇರೆ ಯಾವ ಸ್ಕಾಲರ್‌ಶಿಪ್‌ನ್ನೂ, ರಾಜ್ಯ ಸರ್ಕಾರದ ಶುಲ್ಕ ಮರುಪಾವತಿಯನ್ನೂ ಪಡೆಯುವಂತಿಲ್ಲ. ಹಿಂದುಳಿದ ವರ್ಗಗಳ ಹಾಸ್ಟೆಲ್‌ನಲ್ಲಿದ್ದವರು ಮೂರನೇ ವರ್ಷ ಹೊರಗೆ ರೂಮು ಮಾಡಿಕೊಂಡರೆ ವಿದ್ಯಾಸಿರಿಯ ನೆನಪಾಗುತ್ತದೆ. ಹಾಸ್ಟೆಲ್ ಸೌಲಭ್ಯ ಪಡೆಯದವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುವ ಯೋಜನೆ ಅದು. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅದಕ್ಕೂ ಅರ್ಜಿ, ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕೇಂದ್ರದ್ದಕ್ಕೂ ಅರ್ಜಿ ಹಾಕಿಬಿಡುತ್ತಾರೆ. ಎರಡೂ ಕಡೆ ಆಧಾರ್ ಒಂದೇ ಆದ್ದರಿಂದ ಈ ಜೋಡಿ ಅರ್ಜಿ ಮುಚ್ಚಿಡುವಂಥದ್ದಲ್ಲ. ಎಷ್ಟು ಸಿಗುತ್ತದೆ, ಮುಂದೆ ಎಷ್ಟು ವರ್ಷ ಸಿಗುತ್ತದೆ ಎಂದು ಕೂಡಿ ಕಳೆದು ಒಂದನ್ನು ಆರಿಸಿಕೊಳ್ಳಿ. ಸ್ನಾತಕೋತ್ತರಕ್ಕೆ ಹೋಗುವ ಮನಸ್ಸಿದ್ದರೆ ಈ ವರ್ಷದ ಮೂರು ಸಾವಿರದ ಆಸೆಗೆ ಕೇಂದ್ರದ್ದನ್ನು ಬಿಡುವುದು ಜಾಣತನವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪದವಿಗೇ ಓದು ಮುಗಿಸುವವರ ಲೆಕ್ಕ ಬೇರೆ.

ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಇನ್ನೊಂದು ಸಂಗತಿ ಗಮನಿಸಬೇಕು. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪದವಿ ಮುಗಿಸಿದವರಿಗೆ ರಾಜ್ಯ ಸರ್ಕಾರದ 25,000 ರೂಪಾಯಿ ಪ್ರೋತ್ಸಾಹಧನವಿದೆ. ‘ಒಂದು ಪೇಪರ್ ಈಗ ಬರೆಯುವುದಿಲ್ಲ, ಮುಂದಿನ ಸಲ ಚೆನ್ನಾಗಿ ಓದಿ ಬರೆಯುತ್ತೇನೆ’ ಎಂಬ ಯೋಚನೆ ಬಂದಾಗ ಆ ಮೊತ್ತವನ್ನು ನೆನೆಯಿರಿ. ಮೊದಲ ಪ್ರಯತ್ನ ಎಂಬ ಷರತ್ತು ಅಲ್ಲೇ ಮುರಿಯುತ್ತದೆ.

ಓದು, ಹಾಜರಾತಿ ಎಲ್ಲ ಸರಿಯಿದ್ದೂ ಹಣ ಬಾರದಿರುವುದಕ್ಕೆ ಕಾರಣ ಬಹಳ ಸಲ ಬ್ಯಾಂಕಿನ ಕಡೆ ಇರುತ್ತದೆ. ಸ್ಕಾಲರ್‌ಶಿಪ್ ಈಗ ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ, ಆಧಾರ್ ನೋಡಿಕೊಂಡು ಬರುತ್ತದೆ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಆ ಬ್ಯಾಂಕಿಗೆ ಹೋಗುತ್ತದೆ. ಇಂಟರ್ನ್‌ಶಿಪ್‌ಗೆಂದೋ ಪಾರ್ಟ್‌ಟೈಮ್ ಕೆಲಸಕ್ಕೆಂದೋ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಾಗ, ಅರ್ಜಿಯಲ್ಲಿ ಆಧಾರ್ ಜೋಡಣೆಯ ಚೌಕಕ್ಕೆ ಗುರುತು ಹಾಕಿಸಿಕೊಂಡಿರುತ್ತಾರೆ. ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ, ಹುಡುಗ ಊರಿನ ಬ್ಯಾಂಕಿಗೆ ತಿಂಗಳುಗಟ್ಟಲೆ ಅಲೆಯುತ್ತಾನೆ. ಎರಡು ವರ್ಷ ಯಾವ ವಹಿವಾಟೂ ನಡೆಯದ ಖಾತೆ ನಿಷ್ಕ್ರಿಯವಾಗುತ್ತದೆ ಎಂಬುದೂ ತಿಳಿದಿರಲಿ. ನಮ್ಮ ಗ್ರಾಮೀಣ ಬ್ಯಾಂಕುಗಳು ವಿಲೀನಗೊಳ್ಳುತ್ತ ಬಂದು, 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಪಾಸ್‌ಬುಕ್ ಇಟ್ಟುಕೊಂಡಿರುವವರು ನವೀಕರಣಕ್ಕೆ ಕೂರುವ ಮೊದಲು ಶಾಖೆಗೆ ಹೋಗಿ ಎರಡು ಪ್ರಶ್ನೆ ಕೇಳಿ: ನನ್ನ ಖಾತೆ ಚಾಲ್ತಿಯಲ್ಲಿದೆಯೇ, ಆಧಾರ್ ಜೋಡಣೆಯ ಎನ್‌ಪಿಸಿಐ ಪಟ್ಟಿಯಲ್ಲಿ ನನ್ನ ಆಧಾರ್ ಈ ಬ್ಯಾಂಕಿಗೇ ಇದೆಯೇ?

ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಕಿವಿಮಾತು. ಮದುವೆಯಾದ ಕೂಡಲೇ ಗಂಡನ ಮನೆಯವರು ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಆಧಾರ್‌ನಲ್ಲಿ ಹೆಸರನ್ನೇ ತಿದ್ದಿಸಿಬಿಡುತ್ತಾರೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಗಂಡನದು. ಸ್ಕಾಲರ್‌ಶಿಪ್ ಪೋರ್ಟಲ್ ಅರ್ಜಿದಾರರ ಹೆಸರು, ಹುಟ್ಟಿದ ದಿನ, ಲಿಂಗವನ್ನು ಆಧಾರ್ ಜೊತೆ ತಾಳೆ ನೋಡುತ್ತದೆ. ಅಲ್ಲಿ ಹೊಂದದಿದ್ದರೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ವಿಳಾಸ ಬದಲಾಯಿಸಿಕೊಳ್ಳಿ, ಅದಕ್ಕೆ ತೊಂದರೆಯಿಲ್ಲ. ಹೆಸರು ಬದಲಿಸುವುದನ್ನು ಪದವಿ ಮುಗಿದು ಕೊನೆಯ ಕಂತು ಖಾತೆಗೆ ಬರುವವರೆಗೆ ತಡೆದುಕೊಳ್ಳಿ. ಮದುವೆಯಾದದ್ದಕ್ಕೆ ಸ್ಕಾಲರ್‌ಶಿಪ್ ನಿಲ್ಲುತ್ತದೆ ಎಂಬ ನಿಯಮ ಎಲ್ಲೂ ಇಲ್ಲ, ಹೆಸರು ತಾಳೆಯಾಗದೆ ನಿಲ್ಲುವುದು ಮಾತ್ರ ಇದೆ. ಅಜ್ಜಂಪುರ ತಾಲ್ಲೂಕಾಗುವ ಮೊದಲು ಮಾಡಿಸಿದ ಆಧಾರ್‌ಗಳಲ್ಲಿ ತರೀಕೆರೆ ತಾಲ್ಲೂಕೆಂದು ಇರುವುದರ ಬಗ್ಗೆಯೂ ಹಲವರಿಗೆ ಭಯ. ತಾಳೆ ನೋಡುವ ಮೂರು ಸಂಗತಿಗಳಲ್ಲಿ ವಿಳಾಸವಿಲ್ಲ, ಹೆದರಬೇಕಾಗಿಲ್ಲ.

ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಸ್‌ಎಸ್‌ಎಲ್‌ಸಿಗೆ ಬಂದ ವರ್ಷದ ಜೂನ್‌ನಲ್ಲಿ ಮಾಡಿಸಿದ್ದರೆ, ಎರಡು ವರ್ಷ ಪಿಯುಸಿ, ಎರಡು ವರ್ಷ ಪದವಿ ಕಳೆದು ಸರಿಯಾಗಿ ಅಂತಿಮ ವರ್ಷದ ಬಾಗಿಲಲ್ಲಿ ಅದು ಮುಗಿಯುತ್ತದೆ. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವವರು ಅವಧಿ ಮುಗಿದ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ತುಂಬಿದಾಗ ಪೋರ್ಟಲ್ ಅದನ್ನು ಒಪ್ಪುವುದಿಲ್ಲ. ನಾಡಕಚೇರಿಯಲ್ಲಿ ಹೊಸದು ಸಿಗಲು ದಿನಗಳು ಬೇಕು. ರಜೆಯಲ್ಲೇ ಆ ಕಾಗದ ತೆಗೆದು ದಿನಾಂಕ ನೋಡಿ. ರೈತರ ಮಕ್ಕಳಿಗೆಂದು ರಾಜ್ಯ ಕೊಡುವ ರೈತ ವಿದ್ಯಾನಿಧಿ ಪಡೆಯುವ ಮನೆಗಳಲ್ಲಿ ಜಮೀನು ಪಾಲಾಗಿದ್ದರೆ, ಪೌತಿ ಖಾತೆ ಆಗಿದ್ದರೆ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿಯಲ್ಲೂ (ರೈತರ ಗುರುತಿನ ಸಂಖ್ಯೆ) ವಿವರ ಸರಿಯಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಬೇಕು.

ರಾಷ್ಟ್ರೀಯ ಪೋರ್ಟಲ್‌ನ ಒಟಿಆರ್ ಹದಿನಾಲ್ಕು ಅಂಕಿಯ ಸಂಖ್ಯೆ, ಓದು ಮುಗಿಯುವವರೆಗೂ ಅದೊಂದೇ. ಅದಕ್ಕೆ ಜೋಡಿಸಿದ ಮೊಬೈಲ್ ಯಾರದು ಎಂಬುದು ದೊಡ್ಡ ಪ್ರಶ್ನೆ. ಮೊದಲ ವರ್ಷ ಸೈಬರ್ ಸೆಂಟರ್‌ನವರು ತಮ್ಮದೇ ನಂಬರ್ ಹಾಕಿ ಕೆಲಸ ಮುಗಿಸಿದ್ದರೆ ಮೂರನೇ ವರ್ಷ ಒಟಿಪಿ ಅವರಿಗೇ ಹೋಗುತ್ತದೆ. ಆ ಅಂಗಡಿ ಮುಚ್ಚಿದ್ದರೆ ಗತಿಯೇನು? ಈಗಲೇ ಲಾಗಿನ್ ಆಗಿ ನೋಡಿ, ನಿಮ್ಮದೋ ಮನೆಯವರದೋ ನಂಬರ್‌ಗೆ ಬದಲಾಯಿಸಿಕೊಳ್ಳಿ. ನವೀಕರಣಕ್ಕೆ ‘ಫ್ರೆಶ್’ ಎಂದು ಹೊಸ ಅರ್ಜಿ ಹಾಕುವುದು ಇನ್ನೊಂದು ತಪ್ಪು. ಮೊದಲ ವರ್ಷದಲ್ಲಿ ಮಾತ್ರ ಹೊಸ ಅರ್ಜಿ, ಆಮೇಲೆ ಸ್ನಾತಕೋತ್ತರದಲ್ಲೂ ನವೀಕರಣವೇ. ಅರ್ಜಿ ಸಲ್ಲಿಸಿದ ಪ್ರಿಂಟ್ ಕೈಗೆ ಬಂದರೆ ಕೆಲಸ ಅರ್ಧ ಆದಂತೆ. ಕಾಲೇಜಿನವರು ಪರಿಶೀಲಿಸಿ ಮುಂದೆ ಕಳಿಸಿದಾಗಲೇ ಉಳಿದರ್ಧ. ಕಾಲೇಜಿನ ಪರಿಶೀಲನೆಗೂ ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದರೆ ಪ್ರಾಂಶುಪಾಲರೂ ಏನೂ ಮಾಡಲಾರರು. ವಾರಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ‘ಡಿಫೆಕ್ಟಿವ್’ ಎಂದು ಬಂದಿದ್ದರೆ ಎದೆಗುಂದಬೇಡಿ, ಅದು ತಿದ್ದಿ ಕಳಿಸಿ ಎಂಬ ಅರ್ಥ. ‘ರಿಜೆಕ್ಟೆಡ್’ ಎಂದಾದ ಮೇಲೆ ಮಾತ್ರ ದಾರಿ ಕಿರಿದಾಗುತ್ತದೆ.

ಸಣ್ಣ ಪಟ್ಟಣದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಕೆಲಸವನ್ನು ಒಬ್ಬ ಗುಮಾಸ್ತರೋ, ಪಾಠವನ್ನೂ ಮಾಡುವ ಒಬ್ಬ ಉಪನ್ಯಾಸಕರೋ ನೋಡಿಕೊಳ್ಳುತ್ತಾರೆ. ನೂರಾರು ಅರ್ಜಿಗಳ ನಡುವೆ ನಿಮ್ಮದೊಂದು. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಕಾಗದ ಸಿದ್ಧವಾಗಿ ಇಟ್ಟುಕೊಂಡು ಬೇಗ ಹೋದರೆ ಅವರೂ ಬೇಗ ಮಾಡಿಕೊಡುತ್ತಾರೆ. ಮೂರೂ ತಾಲ್ಲೂಕಿನ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಮನವಿ ಇದೆ: ಐದನೇ ಸೆಮಿಸ್ಟರ್‌ನ ಮೊದಲ ವಾರದಲ್ಲೇ, ವಿಷಯ ಆಯ್ಕೆಯ ಫಾರಂ ಕೊಡುವಾಗಲೇ, ಸ್ಕಾಲರ್‌ಶಿಪ್ ಪಡೆಯುತ್ತಿರುವವರನ್ನು ಒಂದು ಗಂಟೆ ಪ್ರತ್ಯೇಕವಾಗಿ ಕೂರಿಸಿ. ನವೀಕರಣದ ದಿನಾಂಕ, ಹಾಜರಾತಿಯ ಲೆಕ್ಕ, ಬ್ಯಾಂಕಿನ ಎರಡು ಪ್ರಶ್ನೆಗಳನ್ನು ಅವರಿಗೆ ಹೇಳಿ, ದಿನಾಂಕವನ್ನು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಿಸಿ.